ಮ್ಯಾಚಿಂಗ್ ಚಲುವರಾಜು ಟೈರು ಹಾಕಿಸಿದ್ದು

ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಬಟ್ಟೆ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಗಿರಾಕಿ ಕೇಳಿದ್ದನ್ನು ಕೊಡುವುದಿಲ್ಲ ಅಂತ ಹಟ ಹಿಡಿದು ಕೂತಿರುವ ಅಂಗಡಿ ಒಂದೇ. ಅದು ಚಲುವರಾಜುವಿನದು. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸು, ಲೈನಿಂಗು, ಲಂಗದ ಬಟ್ಟೆ ಮಾರುವ ಇಂಥ ಅಂಗಡಿಗಳಿಗೆ ನಮ್ಮ ಕಡೆ ಮ್ಯಾಚಿಂಗ್ ಸೆಂಟರ್ ಅನ್ನುತ್ತಾರೆ. ಬೇರೆಯವರಿಗೆ ಅದು ಬೋರ್ಡಿನ ಮೇಲಿನ ಹೆಸರು. ಚಲುವರಾಜುವಿಗೆ ಅದು ವ್ರತ.

ಅವನು ಬೂಕನಕೆರೆಯ ಒಕ್ಕಲು ಮನೆಯವನು. ಗದ್ದೆ, ಕಬ್ಬು, ಕರೆಯುವ ಹಸು ಎಲ್ಲಾ ಇದ್ದ ಮನೆಯೇ. ಆದರೆ ಗದ್ದೆಗಿಳಿದರೆ ಕೆಸರು ಎರಡು ಕಾಲಿಗೂ ಒಂದೇ ಎತ್ತರಕ್ಕೆ ಹತ್ತಬೇಕು ಅಂತ ಬಯಸುವ ಮಗನನ್ನು ಯಾವ ಅಪ್ಪ ತಾನೇ ಎಷ್ಟು ದಿನ ಗದ್ದೆಯಲ್ಲಿ ಇಟ್ಟುಕೊಂಡಾನು? ಪಿಯುಸಿಯಲ್ಲಿ ಮಗ ಡುಮ್ಕಿ ಹೊಡೆದದ್ದೇ ನೆಪ, ಶ್ರೀರಂಗಪಟ್ಟಣದಲ್ಲಿ ನೆಂಟರ ಜವಳಿ ಅಂಗಡಿಗೆ ಸೇರಿಸಿಬಿಟ್ಟರು. ಅಲ್ಲಿ ಅವನಿಗೆ ಜ್ಞಾನೋದಯವಾಯಿತು. ಹಸಿರು ಅನ್ನುವುದು ಒಂದು ಬಣ್ಣವಲ್ಲ, ಒಂದು ದೊಡ್ಡ ಮನೆತನ. ಗಿಳಿಹಸಿರು, ಪಾಚಿಹಸಿರು, ಬಾಟಲ್ ಗ್ರೀನು, ರಾಮಾ ಗ್ರೀನು, ಒಬ್ಬೊಬ್ಬರದು ಒಂದೊಂದು ಗುಣ. ಅವರಲ್ಲಿ ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವುದನ್ನು ಕಲಿತುಕೊಂಡು ಬಂದು ಕೆ.ಆರ್. ಪೇಟೆಯಲ್ಲಿ ತನ್ನದೇ ಅಂಗಡಿ ಹಾಕಿದ.

ಹೆಂಗಸರು ಸೀರೆ ತಂದರೆ ಅದರ ಸೆರಗನ್ನೂ ರವಿಕೆ ಬಟ್ಟೆಯನ್ನೂ ಎತ್ತಿಕೊಂಡು ಬೀದಿಗೆ ಬಂದು, ಬಿಸಿಲಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆ ಹೊತ್ತಿನಲ್ಲಿ ಬಸ್ಸು ಹಾರ್ನ್ ಹೊಡೆದರೂ ಕದಲುತ್ತಿರಲಿಲ್ಲ. ಅವನು ತಲೆಯಾಡಿಸಿದ ಮೇಲೆ ಗಿರಾಕಿಗೆ ಮಾತಾಡಲು ಏನೂ ಉಳಿಯುತ್ತಿರಲಿಲ್ಲ.

ಗೋವಿಂದನಹಳ್ಳಿಯ ಮಂಗಳಮ್ಮ ಒಂದು ಸಲ ರಾಮಾ ಗ್ರೀನ್ ಸೀರೆ ತಂದು, "ಇದ್ಕೆ ಕೆಂಪ್ ರವ್ಕೆ ಬಟ್ಟೆ ಕೊಡಪ್ಪಾ" ಅಂದಳು.

"ಕೆಂಪ್ಯಾಕಕ್ಕಾ? ಇದೇ ಬಣ್ಣದ್ದು ಅದೆ, ಕೊಡ್ತೀನಿ."

"ನಂಗೆ ಕೆಂಪೇ ಬೇಕು. ನನ್ ಮೊಮ್ಮಗ್ಳು ಅಂಗೇ ಆಕ್ಕೊಳೋದು."

"ಬೋರ್ಡ್ನಲ್ಲೇನ್ ಬರ್ದದೆ ನೋಡ್ದಾ?"

"ನಂಗೆ ಓದಕ್ ಬರಕಿಲ್ಲ ಕಣಪ್ಪ."

"ಅದ್ಕೇ ಕೆಂಪ್ ಕೇಳ್ತಾಯಿದೀಯ" ಅಂದು ಚಲುವರಾಜು ಸೀರೆಯನ್ನು ಮಡಿಚಿ, ಅಂಚಿಗೆ ಅಂಚು ಕೂಡಿಸಿ, ಮರ್ಯಾದೆಯಿಂದ ವಾಪಸ್ ಕೊಟ್ಟ. ಅವಳು ಎದುರಂಗಡಿಗೆ ಹೋದಳು. ಇಂಜೆಕ್ಷನ್ ಬೇಡ ಅಂತ ಆಸ್ಪತ್ರೆಯಿಂದ ಓಡಿಹೋಗುವ ರೋಗಿಯನ್ನು ಡಾಕ್ಟರು ನೋಡುವ ಹಾಗೆ ಅವಳನ್ನೇ ನೋಡುತ್ತಾ ನಿಂತಿದ್ದ.

ಅವನ ಹೆಂಡತಿ ಪ್ರಮೀಳಾ ಪಾಂಡವಪುರದವಳು. ಮನೆಯಲ್ಲಿ ಸೀರೆಗೆ ಫಾಲ್ಸು ಹೊಲಿಯುತ್ತಾಳೆ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಬಂದು ಅಂಗಡಿಯಲ್ಲಿ ಕೂರುತ್ತಾಳೆ. ಬೆಳಗಿನಿಂದ ಆಗದ ವ್ಯಾಪಾರ ಆ ಹೊತ್ತಿನಲ್ಲಿ ಆಗುತ್ತಿತ್ತು. ಅದಕ್ಕೆ ಕಾರಣ ಆ ಹೊತ್ತೇ ಅಂತ ಚಲುವರಾಜು ನಂಬಿದ್ದ. ಮಧ್ಯಾಹ್ನ ಜನಕ್ಕೆ ಬಣ್ಣದ ಮೇಲೆ ಲಕ್ಷ್ಯ ಕಮ್ಮಿ ಅನ್ನುತ್ತಿದ್ದ.

ಇಂಥವನ ಬೈಕಿನ ಹಿಂದಿನ ಟೈರು ಸವೆಯಿತು. ಸವೆದು ಸವೆದು, ತಿರುಪತಿಗೆ ಹೋಗಿ ಬಂದವರ ತಲೆಯ ಹಾಗೆ ನುಣ್ಣಗಾಯಿತು. ಪ್ರಮೀಳಾ ಹೇಳಿಯೇ ಹೇಳಿದಳು. "ಇಂದ್ಲ ಟೈರು ಬೋಳಾಗದೆ ಕಣ್ರೀ. ಎಲ್ಲಾರ ಜಾರಿ ಬಿದ್ದೀರ, ಬದಲಾಯ್ಸಿ." ಅದೊಂದು ಮಾತಿನಿಂದ ನಾಲ್ಕು ತಾಲ್ಲೂಕಿನ ಟೈರು ಅಂಗಡಿಗಳಿಗೆ ಏನು ಕಾದಿದೆ ಅಂತ ಪಾಪ ಅವಳಿಗೆ ಗೊತ್ತಿರಲಿಲ್ಲ.

ಚಲುವರಾಜು ಮೊದಲು ಹೋದದ್ದು ಕಿಶನ್ ಅಂಗಡಿಗೆ. ಕಿಶನ್‌ನ ತಾತ ರಾಜಸ್ಥಾನದಿಂದ ಬಂದವರಂತೆ. ಕಿಶನ್ ಮಾತ್ರ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಹುಟ್ಟಿದವನು, ಮಾತು ನಮಗಿಂತ ಒಂದು ಕೈ ಒರಟು.

"ಅಣ್ಣಾ, ಮುಂದ್ಲದು ಇನ್ನೂ ಚೆನ್ನಾಗದೆ. ಇಂದ್ಲದೊಂದ್ ಆಕ್ಸು ಸಾಕು. ಆ ಕಂಪ್ನಿ ಮಾಲು ನನ್ತಾವ್ ಇಲ್ಲ, ಇದು ಬೇರೆ ಕಂಪ್ನಿದು. ಗಟ್ಟಿ ಮಾಲು."

"ಮುಂದ್ಕೊಂದ್ ಕಂಪ್ನಿ, ಇಂದ್ಕೊಂದ್ ಕಂಪ್ನಿನಾ? ಏನ್ಲಾ ಕಿಶನ್ನು, ಮಾನಸ್ಥರು ಓಡ್ಸೋ ಗಾಡಿನಾ ಅದು?"

"ಅಳ್ತೆ ಒಂದೇ ಇದ್ರಾಯ್ತು ಕಣಣ್ಣಾ. ಊರ್ನಲ್ಲಿ ಅರ್ಧ ಜನ ಅಂಗೇ ಓಡಾಡ್ತಾವ್ರೆ."

"ಊರ್ನೋರು ಏನ್ ಉಟ್ಕೊಂಡ್ ಓಡಾಡ್ತಾವ್ರೆ ಅಂತ ನಾ ದಿನಾ ನೋಡ್ತಾಯಿವ್ನಿ, ಬುಡು. ನಂಗೆ ಜೊತೆ ಕೊಡು."

ಕಿಶನ್ ವ್ಯಾಪಾರಿ. ಒಂದು ಟೈರು ಮಾರುವ ಕಡೆ ಎರಡು ಮಾರುವ ಯೋಗ ತಾನಾಗಿ ನಡೆದು ಬಂದರೆ ಬೇಡ ಅನ್ನುವಷ್ಟು ವೈರಾಗ್ಯ ಅವನಿಗಿನ್ನೂ ಬಂದಿರಲಿಲ್ಲ. ಒಳಗಿನಿಂದ ಒಂದೇ ಕಂಪನಿಯ ಸೆಟ್ಟು ತಂದು ಮುಂದಿಟ್ಟ. ಚಲುವರಾಜು ಎರಡನ್ನೂ ಉರುಳಿಸಿಕೊಂಡು ಬೀದಿಗೆ ಬಂದು, ಬಿಸಿಲಿಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿದ.

"ಇದೇನ್ಲಾ ಇದು? ಒಂದ್ರಲ್ಲಿ ಉದ್ದುದ್ದ ಗೆರೆ, ಇನ್ನೊಂದ್ರಲ್ಲಿ ಇಟ್ಗೆ ಜೋಡ್ಸ್ದಂಗದೆ!"

"ಸೆಟ್ಟೇ ಅಂಗಣ್ಣಾ. ಗೆರೆ ಇರೋದು ಮುಂದ್ಕೆ. ಯಾಂಡ್ಲು ತಿರ್ಗ್ಸಕ್ಕೆ ಸಲೀಸು, ಮಳೇಲಿ ನೀರ್ ಸೀಳ್ಕೊಂಡ್ ಓಯ್ತದೆ. ಇಟ್ಗೆಯಂಗ್ ದಪ್ಪ ಕಟ್ಟು ಇರೋದು ಇಂದ್ಕೆ. ನೆಲ ಕಚ್ಕೊಂಡ್ ನೂಕ್ತದೆ. ಎರಡ್ನೂ ಜೊತೇಲಿ ಓಡ್ಸಿ ನೋಡೇ ಕಂಪ್ನಿಯೋರು ಮಾಡವ್ರೆ."

"ಜೊತೆ ಅಂದ್ಮೇಲೆ ಒಂದೇ ತರ ಕಾಣ್ಬೇಕು ಕಣ್ಲಾ. ಕಾಣ್ದಿದ್ ಮ್ಯಾಲೆ ಅದ್ಯಾವ್ ಸೀಮೆ ಜೊತೆ? ಕಂಪ್ನಿಯೋರ್ಗೆ ಕಣ್ಣಿಲ್ವಾ? ಕಪ್ಪಲ್ಲೂ ವ್ಯತ್ಯಾಸ ಅದೆ ನೋಡು. ಇದು ಕಪ್ಪು, ಇದು ಕಪ್ಪಲ್ಲ."

"ಟೈರ್ಗೆ ಸೀರೆ ಉಡುಸ್ತೀಯಾ ಅಣ್ಣಾ?" ಅಂದ ಕಿಶನ್. ಚಲುವರಾಜು ಎರಡು ಟೈರನ್ನೂ ಅಲ್ಲೇ ಬಿಟ್ಟು ಬೈಕ್ ಹತ್ತಿದ. ಹೆಗ್ಗಡದೇವನಕೋಟೆ ಆನೆ ಬಂದು ಅಡ್ಡ ನಿಂತಿದ್ದರೂ ಆವತ್ತು ಅವನು ನಿಲ್ಲುತ್ತಿರಲಿಲ್ಲ.

ಪಾಂಡವಪುರದಲ್ಲಿ ಮಾವನ ಮನೆ ಬೀದಿಯಲ್ಲೇ ಒಂದು ಟೈರು ಅಂಗಡಿ. ಅದರ ಯಜಮಾನ ಮರಿಯಯ್ಯ ಚಲುವರಾಜುವಿನ ಕಷ್ಟವನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. "ಟೈರ್ನಾಗೇನೂ ಇಲ್ಲ ಅಳಿಯಂದ್ರೇ, ಎಲ್ಲಾ ಗಾಳೀಲಿರೋದು" ಅಂದು, ಆ ಬೋಳು ಟೈರಿಗೇ ನೈಟ್ರೋಜನ್ ಗಾಳಿ ತುಂಬಿ ಕಳಿಸಿದರು. ಶ್ರೀರಂಗಪಟ್ಟಣದ ಹೈವೇ ಪಕ್ಕದ ಅಂಗಡಿಯವನು ಒಂದು ಸಲ ಬೈಕಿನಲ್ಲಿ ಲಡಾಖಿಗೆ ಹೋಗಿ ಬಂದವನು. ಅದನ್ನು ಹೇಳದೆ ಯಾರಿಗೂ ಟ್ಯೂಬೂ ಮಾರುವವನಲ್ಲ. ಮುಂದಕ್ಕೆ ಮೆತ್ತನೆ ರಬ್ಬರು, ಹಿಂದಕ್ಕೆ ಗಡಸು ರಬ್ಬರು, ಎರಡೂ ಬೇರೆ ಬೇರೆ ಕಂಪನಿಯದಾದರೆ ಇನ್ನೂ ಉತ್ತಮ, ಜಗತ್ತಿನಲ್ಲಿ ತಿಳಿದವರೆಲ್ಲ ಹಾಗೇ ಹಾಕಿಸುವುದು ಅಂತ ಟೀ ಆರುವವರೆಗೂ ವಿವರಿಸಿದ. ಹಾಗಾದರೆ ಕೊಡಿ ನೋಡೋಣ ಅಂದರೆ, ಎರಡರಲ್ಲಿ ಒಂದೂ ಅವನ ಹತ್ತಿರ ಸ್ಟಾಕ್ ಇರಲಿಲ್ಲ.

ಈ ಓಡಾಟವೆಲ್ಲ ನಡೆದದ್ದು ಆ ಬೋಳು ಟೈರಿನ ಮೇಲೆಯೇ. ಅದು ಮಾತ್ರ ಒಂದು ಚೂರೂ ಜಾರಲಿಲ್ಲ. ತನ್ನ ಬದಲಿಗೆ ಬರುವವನನ್ನು ಹುಡುಕುವುದಕ್ಕೆ ತಾನೇ ಯಜಮಾನನನ್ನು ಹೊತ್ತು ತಿರುಗುವ ಅಷ್ಟು ನಿಯತ್ತಿನ ಆಳು ಈಗಿನ ಕಾಲದಲ್ಲಿ ಎಲ್ಲೂ ಸಿಗುವುದಿಲ್ಲ.

ಕೊನೆಗೆ ನಾಗಮಂಗಲದಲ್ಲಿ ಚಲುವರಾಜುವಿನ ಮನಸ್ಸು ಬಲ್ಲವನು ಸಿಕ್ಕಿದ. ಆ ಅಂಗಡಿಯವನ ವಿಶೇಷವೆಂದರೆ ಗಿರಾಕಿ ಏನು ಹೇಳಿದರೂ ಹೂಂ ಅನ್ನುವುದು. ಚಲುವರಾಜು ದಪ್ಪ ಕಟ್ಟಿನ ಟೈರೊಂದನ್ನು ತೋರಿಸಿ, "ಇಂಥವೇ ಎರಡು ಕೊಡು. ಮುಂದ್ಕೊಂದು, ಇಂದ್ಕೊಂದು" ಅಂದ.

"ಆಕ್ಬುಡಣ ಸಾ" ಅಂದ ಅವನು. ಚಕ್ರ ಬಿಚ್ಚಿದ ಮೇಲೆ ಸ್ವಲ್ಪ ಅನುಮಾನ ಬಂತು. "ಸಾ, ಇದ್ರ ಮಗ್ಗುಲಲ್ಲಿ ಇಂಗ್ಲಿಷ್ನಲ್ಲಿ ಇಂದ್ಲ ಚಕ್ರುಕ್ಕೆ ಅಂತ ಬರ್ದದೆ. ಮುಂದ್ಕೆ ಆಕ್ಲಾ?"

"ಬರ್ದಿರೋ ಮಗ್ಗುಲು ಆ ಕಡೀಕ್ ಬರಂಗ್ ಆಕು. ನಾ ಈ ಕಡೆಯಿಂದ ಅತ್ತೋದು."

"ಆಯ್ತು ಸಾ" ಅಂದ ಆ ಪುಣ್ಯಾತ್ಮ.

ಹೀಗೆ ಹಿಂದಿನ ಟೈರನ್ನೇ ಮುಂದಕ್ಕೂ ಹಾಕಿಸಿಕೊಂಡು ಚಲುವರಾಜು ಕೆ.ಆರ್. ಪೇಟೆಗೆ ಬಂದ. ಅಂಗಡಿಯ ಮುಂದೆ ಬೈಕನ್ನು ಅಡ್ಡಲಾಗಿ ನಿಲ್ಲಿಸಿ, ಹೋಗಿ ಬರುವವರಿಗೆಲ್ಲ ತೋರಿಸಿದ. ಜೊತೆ ಅಂದರೆ ಇದು ಅಂದ. ನೋಡಿದವರು ಚೆನ್ನಾಗಿದೆ ಅಂದರು. ಚೆನ್ನಾಗಿಲ್ಲ ಅಂದರೆ ಇನ್ನೊಂದು ಗಳಿಗೆ ನಿಲ್ಲಬೇಕಾದೀತು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಓಡಿಸುವಾಗ ಮಾತ್ರ ಹ್ಯಾಂಡ್ಲು ಭಾರವಾಗಿತ್ತು, ಮುಂದಿನ ಚಕ್ರ ಗುಂಯ್ ಅಂತ ಜೇನುಹುಳದ ಹಾಗೆ ಸದ್ದು ಮಾಡುತ್ತಿತ್ತು.

ಆ ವಾರದಲ್ಲೇ ಗಂಡ ಹೆಂಡತಿ ಬೂಕನಕೆರೆಗೆ ಹೊರಟರು, ಅವನ ತಾಯಿ ದ್ಯಾವಮ್ಮನನ್ನು ನೋಡಿ ಬರಲು. ಕಾರ್ಖಾನೆ ಕಬ್ಬು ನುರಿಯಲು ಶುರುಮಾಡಿದ ಕಾಲ. ಟ್ರಾಕ್ಟರುಗಳು ಗದ್ದೆಯ ಕೆಸರನ್ನು ಚಕ್ರದಲ್ಲಿ ಹೊತ್ತು ತಂದು ಟಾರು ರಸ್ತೆಗೆ ಬಳಿದಿದ್ದವು. ಮೇಲೆ ಸೋನೆ ಮಳೆ.

"ಯಾಂಡ್ಲು ಯಾಕೋ ಅತ್ತಾಗಿತ್ತಾಗ್ ಓಯ್ತದೆ ಕಣ್ರೀ" ಅಂದಳು ಹಿಂದೆ ಕೂತ ಪ್ರಮೀಳಾ.

"ಒಸದಲ್ವಾ? ಒಸ ಸೊಸೆ ಇದ್ದಂಗೆ. ಒಗ್ಗಕ್ಕೆ ಟೈಮ್ ಬೇಕು."

"ನಾ ಬಂದ್ ಇಷ್ಟ್ ವರ್ಸ ಆಯ್ತು. ನೀವಿನ್ನೂ ಒಗ್ಗಿಲ್ಲ."

ಇದಕ್ಕೆ ತಕ್ಕ ಜವಾಬು ಚಲುವರಾಜುವಿನ ಬಾಯಲ್ಲಿ ತಯಾರಾಗುತ್ತಿತ್ತು. ಅಷ್ಟರಲ್ಲಿ ಮುಂದಿದ್ದ ಕಬ್ಬಿನ ಟ್ರಾಕ್ಟರು ತಿರುವಿನಲ್ಲಿ ಗಕ್ಕನೆ ನಿಂತಿತು. ಇವನು ಬ್ರೇಕ್ ಹಿಡಿದ. ಹಿಂದಿನ ಟೈರು ನೆಲ ಕಚ್ಚಿ ನಿಂತುಕೊಂಡಿತು. ಅದರ ತದ್ರೂಪಿಯಾದ ಮುಂದಿನದು ಮಾತ್ರ ಕೆಸರಿನ ಮೇಲೆ ಬೆಣ್ಣೆಯ ಮೇಲಿನ ಚಾಕುವಿನ ಹಾಗೆ ಹೋಯಿತು. ಬೈಕು ಒಂದು ಕಡೆ, ಚಲುವರಾಜು ರಸ್ತೆ ಪಕ್ಕದ ನಾಲೆ ಏರಿಯ ಮೇಲೆ, ಅವನ ಮೇಲೆ ಪ್ರಮೀಳಾ. ಅವಳಿಗೆ ಒಂದು ತರಚು ಗಾಯವೂ ಆಗಲಿಲ್ಲ. ಮದುವೆಯಾದ ಮೇಲೆ ಗಂಡ ಅವಳಿಗೆ ಇಷ್ಟು ಪೂರ್ತಿಯಾಗಿ ಆಸರೆಯಾದದ್ದು ಅದೇ ಮೊದಲು. ಅವನ ಬಲಗೈ ಮಣಿಕಟ್ಟು ಮುರಿಯಿತು.

ಟ್ರಾಕ್ಟರಿನವರೇ ಇಳಿದು ಬಂದು ಎಬ್ಬಿಸಿದರು. ಆಸ್ಪತ್ರೆಗೆ ಕರೆದೊಯ್ಯಲು ಆಟೋ ಬರುವವರೆಗೂ ಚಲುವರಾಜು ನೋವಿನಲ್ಲಿ ನರಳುತ್ತಲೇ, ಟೈರಿನದೇನೂ ತಪ್ಪಿಲ್ಲ, ಕೆಸರಿನದು ತಪ್ಪು ಅಂತ ಅವರಿಗೆ ಹೇಳುತ್ತಿದ್ದನಂತೆ.

ಬ್ಯಾಂಡೇಜು ಕಟ್ಟಿಸಿಕೊಂಡು ಮನೆಗೆ ಬಂದ ಮಗನನ್ನು ನೋಡಲು ದ್ಯಾವಮ್ಮ ಮಾರನೆ ದಿನ ಬಸ್ಸಿನಲ್ಲಿ ಬಂದರು. ಹಾಲು, ತರಕಾರಿ, ಒಂದು ಕೋಳಿ ಹಿಡಿದುಕೊಂಡೇ ಬಂದಿದ್ದರು. ಸೊಸೆಯಿಂದ ಎಲ್ಲಾ ಕೇಳಿದರು. ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಲ್ಲ ಕಣ್ಲಾ, ಜೊತೆ ತತ್ತೀನಿ ಅಂತ ಓಗಿ ಎಡಗಾಲ್ ಚಪ್ಲೀನೇ ಎರಡು ತಂದಿದ್ದೀಯಲ್ಲೋ" ಅಂದರು.

"ನಿಂಗೆ ಗೊತ್ತಾಗಕಿಲ್ಲ, ಸುಮ್ಕಿರವ್ವಾ" ಅಂದ ಮಗ.

"ಊಂ ಕಣಪ್ಪ, ನಂಗೇನ್ ಗೊತ್ತು. ಕೈ ತೋರ್ಸು, ಎಲ್ ನೋಯ್ತದೆ?" ಅಂದು ತಾಯಿ ಅವನ ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದರು.

ಬಲಗೈ ಹೋದರೆ ಬಟ್ಟೆ ಕತ್ತರಿಸುವವರು ಯಾರು? ಪ್ರಮೀಳಾ ಅಂಗಡಿಗೆ ಬಂದು ನಿಂತಳು. ಚಲುವರಾಜು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕೊರಳಿಂದ ಕೈ ತೂಗುಹಾಕಿಕೊಂಡು, ಮೇಲ್ವಿಚಾರಣೆಗೆ ಕೂತ. ಮೊದಲ ದಿನವೇ ಕಾಲೇಜಿನ ಲೆಕ್ಚರರ್ ಅರ್ಚನ ಬಂದರು. ಬೂದುಬಣ್ಣದ ಸೀರೆ ತೋರಿಸಿ, "ಇದಕ್ಕೊಂದು ಗಾಢ ಅರಿಶಿನದ ಬ್ಲೌಸ್ ಪೀಸ್ ಕೊಡ್ತೀರಾ ಪ್ರಮೀಳಾ?" ಅಂದರು.

ಮೂಲೆಯಿಂದ ಧ್ವನಿ ಬಂತು. "ಮೇಡಮ್ಮೋರೇ, ಅದ್ಕೆ ಬೂದಿನೇ ಅದೆ. ತಿಳಿ ಬೂದಿ, ಆನೆ ಬೂದಿ, ಮೋಡದ್ ಬೂದಿ..."

"ಕಂಟ್ರಾಸ್ಟ್ ಬೇಕಾಗಿತ್ತು ಚಲುವರಾಜು ಅವರೇ. ಈಗೆಲ್ಲಾ ಅದೇ ಅಲ್ವಾ? ಸೀರೆ ಬಣ್ಣದ್ದೇ ಬ್ಲೌಸ್ ಹಾಕಿದ್ರೆ ನಮ್ಮ ಸ್ಟೂಡೆಂಟ್ಸು, ಮೇಡಂ ಅಜ್ಜಿ ಸೀರೆನಾ ಅಂತಾರೆ."

"ಕಂಟ್ರಾಸ್ಟ್ ಅಂದ್ರೆ ಮ್ಯಾಚ್ ಆಗ್ದೇ ಇರೋದು ಮೇಡಮ್ಮೋರೇ. ನಮ್ ಅಂಗ್ಡಿ ಎಸ್ರೇ..." ಅನ್ನುವಷ್ಟರಲ್ಲಿ ಕತ್ತರಿಯ ಸದ್ದು ಕೇಳಿಸಿತು. ಪ್ರಮೀಳಾ ಅಳೆದು, ಕತ್ತರಿಸಿ, ಮಡಿಚಿ, ಕವರಿಗೆ ಹಾಕಿ ಆಗಿತ್ತು.

ಆಮೇಲೆ ಇದೇ ಶುರುವಾಯಿತು. ನೀಲಿಗೆ ಗುಲಾಬಿ, ಕೆನೆಬಣ್ಣಕ್ಕೆ ಮರೂನು. ಎದುರಂಗಡಿಗೆ ಹೋಗಿ ಅಭ್ಯಾಸವಾಗಿದ್ದ ಹುಡುಗಿಯರು ಈ ಕಡೆ ದಾಟಿ ಬಂದರು. ಚಲುವರಾಜು ಒಂದೊಂದು ಕವರು ಹೊರಗೆ ಹೋದಾಗಲೂ ಮಣಿಕಟ್ಟು ನೋವು ಅನ್ನುತ್ತಿದ್ದ. ಹಾಗಂತ ಪ್ರಮೀಳಾ ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. ಗೆಲುವಿನ ಗುಂಗಿನಲ್ಲಿ ಸಾಸಿವೆ ಬಣ್ಣದ ರೆಡಿಮೇಡ್ ರವಿಕೆಗಳ ಒಂದು ದೊಡ್ಡ ಗಂಟನ್ನೇ ತರಿಸಿಬಿಟ್ಟಳು. ಅವುಗಳ ಅಳತೆ ನಮ್ಮ ಜಿಲ್ಲೆಯ ಯಾವ ಹೆಂಗಸಿಗೂ ಕೂಡಿಬರಲಿಲ್ಲ. ಹೊಲಿದವನು ಹೆಂಗಸರನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಿರಬೇಕು. ಆ ಗಂಟು ಇನ್ನೂ ಅಟ್ಟದ ಮೇಲಿದೆ. ಚಲುವರಾಜು ಬೇಜಾರಾದಾಗಲೆಲ್ಲ ಅದರ ಕಡೆ ನೋಡಿ ಸಮಾಧಾನ ಮಾಡಿಕೊಳ್ಳುತ್ತಾನೆ.

ಬೈಕು ರಿಪೇರಿಗೆ ಕಿಶನ್ ಅಂಗಡಿ ಪಕ್ಕದ ಮೆಕ್ಯಾನಿಕ್ ಹತ್ತಿರ ನಿಂತಿತ್ತು. ಹ್ಯಾಂಡ್ಲು ನೇರ ಮಾಡಿಸಿದ ಮೇಲೆ ಪ್ರಮೀಳಾ ಕಿಶನ್ ಹತ್ತಿರ ಹೋದಳು.

"ಮುಂದ್ಲ ಚಕ್ರುಕ್ಕೆ ಮುಂದ್ಲ ಚಕ್ರದ್ ಟೈರ್ ಆಕಪ್ಪಾ."

"ಯಾವ್ ಕಂಪ್ನಿದಕ್ಕಾ? ಇಂದ್ಲದು ನಾಗಮಂಗ್ಲದ್ದು. ಅದ್ರ ಜೊತೆದು ಈಗ ನನ್ತಾವ್ ಖಾಲಿ. ತರ್ಸುದ್ರೆ ವಾರ ಆಯ್ತದೆ."

"ಇರೋದ್ ಯಾವ್ದು?"

"ಇದು, ಬೇರೆ ಕಂಪ್ನಿ. ಅಳ್ತೆ ಸರಿಯಾಗದೆ. ಒಂದೇ ಸೆಟ್ಟಾದ್ರೆ ಒಸಿ ಚೆಂದ. ಇದ್ರಲ್ಲೂ ತೊಂದ್ರೆ ಏನಿಲ್ಲ. ಒಸ ಟೈರು, ಸುರೂನಲ್ಲಿ ನಿಧಾನುಕ್ ಓಡ್ಸಿ."

"ಆಕು. ಅವ್ರು ಕೇಳುದ್ರೆ ನಾನೇ ಯೇಳ್ತೀನಿ."

ಬಿಚ್ಚಿದ ದಪ್ಪ ಕಟ್ಟಿನ ಟೈರನ್ನು ಕಿಶನ್ ಮೊದಲು ಮುಟ್ಟಲೂ ಒಪ್ಪಲಿಲ್ಲ. ನಾಗಮಂಗಲದ ಪಾಪ ನಾಗಮಂಗಲಕ್ಕೇ ಹೋಗಲಿ ಅಂದ. ಆಮೇಲೆ ಒಳಗಿಟ್ಟುಕೊಂಡು, ಬೈಕಿನಲ್ಲಿ ಹಾಲಿನ ಕ್ಯಾನು ಸಾಗಿಸುವವನೊಬ್ಬನ ಹಿಂದಿನ ಚಕ್ರಕ್ಕೆ ಹಾಕಿ ಕಳಿಸಿದ. ಅಲ್ಲಿ ಅದು ಚೆನ್ನಾಗಿಯೇ ಓಡುತ್ತಿದೆಯಂತೆ.

ಮುಂದೆ ಗೆರೆಯ ಟೈರು, ಹಿಂದೆ ಕಟ್ಟಿನ ಟೈರು, ಎರಡಕ್ಕೂ ಎರಡು ಕಂಪನಿ. ಇದನ್ನು ನೋಡಿದ ದಿನ ಚಲುವರಾಜು ಊಟ ಬಿಡುತ್ತಾನೆ ಅಂತ ಬೀದಿಯವರು ಮಾತಾಡಿಕೊಂಡಿದ್ದರು. ಅವನು ಬೈಕಿನ ಸುತ್ತ ಬಂದ. ಬಗ್ಗಿ ನೋಡಿದ. ಒಂದು ಕಣ್ಣು ಮುಚ್ಚಿದ. ಒಳಗೆ ಹೋಗಿ ಕೂತ. ಸಂಜೆ ಹೊತ್ತಿಗೆ ಅವನೊಳಗೆ ಏನು ನಡೆಯಿತೋ, ಮಾರನೆ ಬೆಳಿಗ್ಗೆ ಕಿಶನ್ ಅಂಗಡಿ ಮುಂದೆ ಟೈರು ತೆಗೆದುಕೊಳ್ಳಲು ಬಂದಿದ್ದ ಒಬ್ಬ ರೈತನನ್ನು ತಡೆದು ನಿಲ್ಲಿಸಿದ್ದ.

"ಎರಡೂ ಒಂದೇ ತರದ್ದು ಆಕಿಸ್ಬ್ಯಾಡ ಕಣಪ್ಪ. ಮುಂದ್ಲ ಚಕ್ರದ್ ಕೆಲ್ಸ ಬ್ಯಾರೆ, ಇಂದ್ಲದ್ರ ಕೆಲ್ಸ ಬ್ಯಾರೆ. ನಾಲ್ಕ್ ತಾಲ್ಲೂಕ್ ಸುತ್ತಿ, ಕೈ ಮುರ್ಕೊಂಡು ಕಂಡಿಡ್ದಿರೋ ಮಾತಿದು."

"ಅಂಗಾರೆ ಬ್ಯಾರೆ ಬ್ಯಾರೆ ಕಂಪ್ನಿ ಆದ್ರೂ ಪರ್ವಾಗಿಲ್ವಾ ಅಣ್ಣಾ?"

"ಪರ್ವಾಗಿಲ್ಲ ಅಂದ್ರೇನು? ಲಡಾಕ್‌ಗೆ ಓಗೋರೆಲ್ಲಾ ಅಂಗೇ ಆಕ್ಸೋದು."

ಕಿಶನ್ ಒಳಗೆ ನಿಂತು ಕೇಳಿಸಿಕೊಂಡ. ವಿರೋಧಿಸಲಿಲ್ಲ. ಬದಲಿಗೆ ಚಲುವರಾಜು ಕೂರಲು ಅಂತ ಒಂದು ಸ್ಟೂಲನ್ನು ತಂದು ಹೊರಗೆ ಹಾಕಿದ. ಅವನ ಉಪನ್ಯಾಸ ಕೇಳಿ ಗೊಂದಲಕ್ಕೆ ಬಿದ್ದ ಗಿರಾಕಿ ಎರಡು ಟೈರನ್ನೂ ಬದಲಾಯಿಸಿಕೊಂಡೇ ಹೋಗುತ್ತಿದ್ದ.

ಬ್ಯಾಂಡೇಜು ಬಿಚ್ಚಿದರೂ ಮಣಿಕಟ್ಟು ಮೊದಲಿನಂತೆ ತಿರುಗುತ್ತಿರಲಿಲ್ಲ. ಬೈಕಿನ ಆಕ್ಸಿಲರೇಟರು ತಿರುವಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಭಾನುವಾರ ಬೂಕನಕೆರೆಗೆ ಹೋಗಬೇಕಾಯಿತು. ಬಸ್ಸಿಗೆ ಹೋಗೋಣ ಅಂದ ಅವನು. ಪ್ರಮೀಳಾ ಒಳಗೆ ಹೋಗಿ ಚೂಡಿದಾರ ಹಾಕಿಕೊಂಡು ಬಂದು ಕೀಲಿ ತೆಗೆದುಕೊಂಡಳು. ಹುಡುಗಿಯಾಗಿದ್ದಾಗ ಪಾಂಡವಪುರದಲ್ಲಿ ಅಪ್ಪನ ಬೈಕನ್ನು ಓಡಿಸಿದ್ದವಳು. ಆ ವಿಷಯ ಚಲುವರಾಜು ಇಷ್ಟು ವರ್ಷ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ದಾರಿಯುದ್ದಕ್ಕೂ ಅವನು ಹಿಂದೆ ಕೂತು, "ಗೇರ್ ಇಳ್ಸು, ಆರ್ನ್ ಒಡಿ, ಮುಂದ್ಲ ಬ್ರೇಕ್ ಮುಟ್ಬ್ಯಾಡ" ಅನ್ನುತ್ತಿದ್ದ. ಅವಳು ಇಳಿಸುವಲ್ಲಿ ಇಳಿಸುತ್ತಿದ್ದಳು, ಮುಟ್ಟುವಲ್ಲಿ ಮುಟ್ಟುತ್ತಿದ್ದಳು. ಬಿದ್ದ ತಿರುವು ಬಂತು. ಎಡಗೈಯಲ್ಲಿ ಅವಳ ಭುಜ ಹಿಡಿದುಕೊಂಡ. ಬೈಕು ಒದ್ದೆ ರಸ್ತೆಯಲ್ಲಿ ನಿಧಾನಕ್ಕೆ ವಾಲಿ, ಸೊಟ್ಟಗಾಗದೆ, ನೇರವಾಗಿ ಎದ್ದು ಮುಂದೆ ಹೋಯಿತು. ಒಂದಷ್ಟು ದೂರ ಹೋದ ಮೇಲೆ, "ಚೆನ್ನಾಗ್ ಓಡುಸ್ತೀಯ ಕಣೇ" ಅಂದ. ಗಾಳಿಯಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ, ಎರಡನೇ ಸಲ ಹೇಳುವಷ್ಟು ಧಾರಾಳಿ ಅವನಲ್ಲ.

ದ್ಯಾವಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಬೈಕು ನಿಲ್ಲಿಸಿ ಸ್ಟ್ಯಾಂಡ್ ಹಾಕಿದ್ದನ್ನೂ ಮಗ ಹಿಂದಿನಿಂದ ಇಳಿದದ್ದನ್ನೂ ನೋಡಿದರು.

"ನಾನೇ ಕಲುಸ್ತಾ ಇವ್ನಿ ಕಣವ್ವಾ" ಅಂದ ಚಲುವರಾಜು, ಯಾರೂ ಕೇಳದೆ.

"ಕಾಣ್ತದೆ ಕಣ್ಲಾ" ಅಂದರು ದ್ಯಾವಮ್ಮ. ಮಡಿಲಿನ ಸಿಪ್ಪೆ ಕೊಡವಿ ಎದ್ದು, ಒಳಗಿನಿಂದ ಒಂದು ಚೊಂಬು ನೀರು ತಂದು ಮೊದಲು ಪ್ರಮೀಳಾಳ ಕೈಗೆ ಕೊಟ್ಟರು.